ನೀರಿನ ಟ್ಯೂಬಿನಲ್ಲಿ ಕಂಡ ಗೆರೆ

ಎಂ.ಎಸ್ಸಿ. ಎರಡನೇ ವರ್ಷ. ಪ್ರಾಜೆಕ್ಟಿಗೆ ನನಗೆ ಸಿಕ್ಕಿದ್ದು ಇಲಿಯ ರೆಟ್ರೊವೈರಸ್ ಪತ್ತೆ ಮಾಡುವ ಕೆಲಸ. ಹುಡುಕುವ ಡಿಎನ್‌ಎ ತುಣುಕಿದ್ದರೆ ಅದನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಮುಗಿಸಿ, ಆ ಡಿಎನ್‌ಎ ಗೆರೆಯಾಗಿ ಕಾಣಲೆಂದು ಜೆಲ್ ಓಡಿಸಿ, ಯುವಿ ಬೆಳಕಿನಲ್ಲಿಟ್ಟು ನೋಡಿದರೆ ಎಲ್ಲ ಸ್ಯಾಂಪಲ್‌ಗಳಲ್ಲೂ ಕಿತ್ತಳೆ ಬಣ್ಣದ ಗೆರೆ! ಎಷ್ಟು ಖುಷಿಯಾಯಿತು ಅಂದರೆ ಹೇಳತೀರದು. ಮೇಡಂ ಮಾತ್ರ ಕೊನೆಯ ಲೇನನ್ನೇ ನೋಡುತ್ತಿದ್ದರು. ಅದು ಬರೀ ನೀರು ಹಾಕಿದ್ದ ಟ್ಯೂಬ್. ಅಲ್ಲೂ ಮಸುಕಾಗಿ ಒಂದು ಗೆರೆ ಇತ್ತು.

"ನೀರಿಗೆ ವೈರಸ್ ಎಲ್ಲಿಂದ ಬಂತಪ್ಪ?" ಎಂದರು.

ಅಷ್ಟೇ. ಎಲ್ಲ ಮೊದಲಿನಿಂದ. ಆಗ ಜಾಸ್ತಿ ಬೇಜಾರಾಗಿದ್ದು ನಿಜ, ಆದರೆ ಅವತ್ತು ಮೇಡಂ ಕೂರಿಸಿಕೊಂಡು ಹೇಳಿದ್ದು ಇನ್ನೂ ನೆನಪಿದೆ. ರೆಟ್ರೊವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಜೀವಕೋಶದ ಡಿಎನ್‌ಎ ಒಳಗೇ ಹೋಗಿ ಕೂರುತ್ತದೆ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವವನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಕೋಶದ ಬೆಳವಣಿಗೆ ನೋಡಿಕೊಳ್ಳುವ ಜೀನ್ ಪಕ್ಕದಲ್ಲಿ ವೈರಸ್ ಕೂತರೆ ಕ್ಯಾನ್ಸರ್ ಶುರುವಾಗಬಹುದು. ವೀರ್ಯಾಣು ಅಥವಾ ಅಂಡಾಣುವಿನಲ್ಲಿ ಕೂತರೆ ಮರಿಗಳಿಗೂ ಹೋಗುತ್ತದೆ, ಹಾಗಾಗಿ ಇಲಿಯ ಪ್ರತಿ ಕೋಶದಲ್ಲೂ ಹಳೆಯ ವೈರಸ್‌ಗಳ ತುಣುಕುಗಳು ತುಂಬಿವೆ, ಎಲ್ಲಿಂದಲೋ ಒಂದು ಚೂರು ಇಲಿ ಡಿಎನ್‌ಎ ಬಿದ್ದರೂ ಸಾಕು, ಗೆರೆ ಬಂದುಬಿಡುತ್ತದೆ. ನಮ್ಮಲ್ಲಿ ತಪ್ಪಾಗಿದ್ದು ಪಿಪೆಟ್‌ನಿಂದ. ಜೆಲ್‌ಗೆ ಹಾಕುವ ಪಿಪೆಟ್‌ನಲ್ಲೇ ಪಿಸಿಆರ್ ಮಿಕ್ಸನ್ನೂ ಮಾಡಿದ್ದೆ, ಅದಕ್ಕೆ ಅಂಟಿದ್ದ ಹಿಂದಿನ ಪಿಸಿಆರ್‌ನ ಡಿಎನ್‌ಎ ಇದರಲ್ಲೂ ಸೇರಿತ್ತು. ನೀರಿನ ಟ್ಯೂಬನ್ನು ಯಾವಾಗಲೂ ಕೊನೆಗೆ ತುಂಬಬೇಕು, ಅಲ್ಲಿಯವರೆಗೆ ಸೇರಿಕೊಂಡ ಕೊಳೆಯೆಲ್ಲ ಅದರಲ್ಲಿ ಸಿಕ್ಕಿಬೀಳುತ್ತದೆ ಎಂದು ಕಲಿತದ್ದೂ ಅವತ್ತೇ.

ಕೆಲವು ವರ್ಷಗಳಾದ ಮೇಲೆ, 2009ರಲ್ಲಿ, ದೀರ್ಘಕಾಲದ ಆಯಾಸದ ಕಾಯಿಲೆ ಇರುವ 101 ಜನರಲ್ಲಿ 68 ಜನರ ರಕ್ತದಲ್ಲಿ ಎಕ್ಸ್‌ಎಂಆರ್‌ವಿ ಎಂಬ ರೆಟ್ರೊವೈರಸ್ ಸಿಕ್ಕಿತೆಂದು ಒಂದು ಲೇಖನ ಬಂತು. ವರ್ಷಗಟ್ಟಲೆ 'ನಿಮಗೇನೂ ಇಲ್ಲ' ಎಂದು ಕೇಳಿಸಿಕೊಂಡು ಬಂದವರಿಗೆ ಕೊನೆಗೂ ಒಂದು ಕಾರಣ ಸಿಕ್ಕಂತಾಯಿತು. ಕೆಲವರು ಎಚ್‌ಐವಿಯ ಔಷಧಿಗಳನ್ನೂ ನುಂಗಿದರು. ಆದರೆ ಬೇರೆ ಲ್ಯಾಬ್‌ಗಳಲ್ಲಿ ಆ ವೈರಸ್ ಸಿಗಲೇ ಇಲ್ಲ. ಮನುಷ್ಯರ ಪ್ರಾಸ್ಟೇಟ್ ಗಡ್ಡೆಯನ್ನು ಲ್ಯಾಬಿನಲ್ಲಿ ಇಲಿಗಳ ಮೈಯಲ್ಲಿ ಬೆಳೆಸುವಾಗ, ಇಲಿಯ ಎರಡು ಹಳೆಯ ವೈರಸ್ ತುಣುಕುಗಳು ಕೂಡಿ ಅದು ಹುಟ್ಟಿತ್ತು, ರೋಗಿಗಳ ಸ್ಯಾಂಪಲ್‌ಗಳಿಗೆ ಲ್ಯಾಬಿನಲ್ಲೇ ಸೇರಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. 2011ರ ಕೊನೆಯಲ್ಲಿ ಲೇಖನವನ್ನು ಹಿಂತೆಗೆದುಕೊಂಡರು.

ಸುದ್ದಿ ಓದಿದ ತಕ್ಷಣ ಮೇಡಂಗೆ ಫೋನ್ ಮಾಡಿದೆ. ನಮ್ಮ ನೀರಿನ ಟ್ಯೂಬಿನ ಕಥೆಯೇ ಅಲ್ವಾ ಮೇಡಂ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪ, ಆ ರೋಗಿಗಳು" ಎಂದರು.