ಕಂಪನಿನೇ ಇಲ್ಲ ಅಂದ್ಮೇಲೆ ದುಡ್ಡು ಬರುತ್ತಾ?

ಕೆಲಸ ಹೋದವರಿಗೆ ಪರಿಹಾರದ ದುಡ್ಡು ಬರುತ್ತೆ. ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ, ಸುಮ್ನೆ ಕೂತವರಿಗಂತೂ ಅಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದು ಮುಚ್ಚಿದಾಗ ಜೊತೆಯವರ ಅರ್ಜಿಗಳನ್ನು ತುಂಬಿಕೊಟ್ಟೆ. ಅವತ್ತಿಂದ ಗೃಹಪ್ರವೇಶ, ಬಿಎಂಟಿಸಿ ಬಸ್ಸು, ತರಕಾರಿ ಅಂಗಡಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ಇನ್ನು ಬಾಯಲ್ಲಿ ಹೇಳಲ್ಲ, ಓದಿಕೊಳ್ಳಿ.

ಗೇಟಿಗೆ ಬೀಗ ಬಿದ್ದಿದೆಯಾ, ಬೇರೆಯವರು ಕೊಂಡುಕೊಂಡರಾ, ಕಂಪನಿಗಳ ವ್ಯಾಜ್ಯ ನೋಡೋ ಎನ್‌ಸಿಎಲ್‌ಟಿ ನ್ಯಾಯಮಂಡಳಿಯಲ್ಲಿ ದಿವಾಳಿ ಕೇಸ್ ನಡೀತಿದೆಯಾ? ಅದನ್ನು ತಿಳಿದುಕೊಂಡು ಬನ್ನಿ. ಕೊಂಡವರು ಹಳೇ ಷರತ್ತಿನಲ್ಲೇ, ಸರ್ವಿಸ್ ಕಡಿಯದೆ ಇಟ್ಟುಕೊಂಡರೆ ಪರಿಹಾರದ ಮಾತೇ ಇಲ್ಲ. ಮುಚ್ಚಿದರೆ, ಒಂದು ವರ್ಷ ಸತತ ದುಡಿದ ಕಾರ್ಮಿಕನಿಗೆ ಪ್ರತಿ ವರ್ಷದ ಸರ್ವಿಸ್‌ಗೆ 15 ದಿನದ ಸರಾಸರಿ ವೇತನ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದೇ ಇತ್ತು, 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೇ ಇದೆ. ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದ್ದಾದರೆ ಮಾತ್ರ ಮೂರು ತಿಂಗಳ ವೇತನಕ್ಕೆ ನಿಲ್ಲುತ್ತೆ. ಬರೀ ‘ಲಾಸ್ ಆಯ್ತು ಸಾರ್’ ಅಂದರೆ ಅದು ಕೈಮೀರಿದ ಕಾರಣ ಆಗಲ್ಲ. ಕಾನೂನೇ ಹಾಗೆ ಬರೆದಿದೆ. ಗ್ರಾಚ್ಯುಟಿ ಇದರ ಜೊತೆಗೆ, ಇದರ ಬದಲು ಅಲ್ಲ.

ಸಿಟ್ಟು ಬರೋದು ಕೇಳೋ ಧಾಟಿಗೆ. ರಾಜಾಜಿನಗರದ ಛತ್ರವೊಂದರಲ್ಲಿ ಎಲೆಗೆ ಒಬ್ಬಟ್ಟು ಬಿದ್ದಿತ್ತು, ತುಪ್ಪದವನು ಬಂದು ನಿಂತಿದ್ದ. ಪಕ್ಕದವರು ಶುರು ಮಾಡಿದರು: “ನಮ್ ಹುಡುಗ ಸೀನಿಯರ್ ಮ್ಯಾನೇಜರ್. ನಿಮ್ಮ ಲೇಬರ್ ಕೇಸ್ ತರ ಅಲ್ಲ. ಅವನಿಗೆ ಜಾಸ್ತಿ ಬರ್ಬೇಕಲ್ವಾ?”

“ಅವನ ಕೈಕೆಳಗೆ ಎಷ್ಟು ಜನ?”

“ಯಾರೂ ಇಲ್ಲ. ಕೋಡ್ ಬರೀತಾನೆ.”

“ಹಾಗಾದ್ರೆ ಅವನೂ ಲೇಬರ್ ಅಂತಲೇ ವಾದ ಮಾಡಿ. ದುಡ್ಡು ಬರ್ಬಹುದು.”

ಆಮೇಲೆ ಊಟ ಮುಗಿಯೋವರೆಗೂ ನನ್ನ ಕಡೆ ತಿರುಗಲಿಲ್ಲ. ಕೋರ್ಟು ನೋಡೋದು ಹುದ್ದೆಯ ಹೆಸರಲ್ಲ, ಮಾಡೋ ಕೆಲಸ. ನಿಜವಾಗಿ ಮ್ಯಾನೇಜರ್ ಆಗಿದ್ದವರಿಗೆ ಈ 15 ದಿನದ ಲೆಕ್ಕ ಅನ್ವಯಿಸಲ್ಲ. ನೇಮಕಾತಿ ಪತ್ರದಲ್ಲಿ ಏನಿದೆಯೋ ಅದೇ ಗತಿ. ಕಂಪನಿ ಲಿಕ್ವಿಡೇಶನ್‌ಗೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸೋ ಹಂತಕ್ಕೆ, ಹೋದರೂ ಸರತಿಯಲ್ಲಿ ಅವರು ಹಿಂದೆಯೇ. 2016ರ ದಿವಾಳಿ ಸಂಹಿತೆ ಪ್ರಕಾರ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕುಗಳ ಸರಿಸಮಕ್ಕೆ. ಉಳಿದ ನೌಕರರ 12 ತಿಂಗಳ ಬಾಕಿ ಅದರ ನಂತರ. ಅದೂ ಪ್ರಕಟಣೆಯ ಗಡುವಿನೊಳಗೆ, ಈ ಮಾರಾಟ ನಡೆಸೋ ಲಿಕ್ವಿಡೇಟರ್‌ಗೆ ಕ್ಲೇಮ್ ಹಾಕಿದ್ದರೆ. ಸರತಿಯಲ್ಲಿ ಜಾಗ ಇದೆ ಅಂದ ಮಾತ್ರಕ್ಕೆ ಗಲ್ಲಾದಲ್ಲಿ ಕಾಸು ಇರುತ್ತೆ ಅಂತಲ್ಲ.

ಕಂಪನಿ ಇನ್ನೂ ನಡೀತಿರುವಾಗ ಏನು ನೋಡ್ಕೋಬೇಕು ಅಂತ ಒಬ್ಬರಾದರೂ ಕೇಳಬಾರದಾ? ಪಿಎಫ್ ಪಾಸ್‌ಬುಕ್ ನೋಡಿ. ಸಂಬಳದ ಸ್ಲಿಪ್ಪಿನಲ್ಲಿ ಹಿಡಿದಿರುತ್ತಾರೆ, ಪಾಸ್‌ಬುಕ್ಕಿನಲ್ಲಿ ಜಮಾ ಇರಲ್ಲ. ನಮ್ಮಲ್ಲಿ ಕ್ಯಾಂಟೀನಿನ ಮೊಸರು ನಿಲ್ಲೋ ಮುಂಚೆಯೇ ಪಿಎಫ್ ಜಮಾ ನಿಂತಿತ್ತು. ಜಮಾ ತಪ್ಪಿದ ತಿಂಗಳೇ ಪಿಎಫ್ ಕಚೇರಿಗೆ ದೂರು ಕೊಡಿ. ನೇಮಕಾತಿ ಪತ್ರ, ಸಂಬಳದ ಸ್ಲಿಪ್ಪು ಮನೆಯಲ್ಲಿರಲಿ.

ನಮ್ಮ ಲೇತ್ ಆಪರೇಟರ್ ಒಬ್ಬರು ಎಲ್ಲಾ ಸ್ಲಿಪ್ಪುಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದರು. ಅವರ ಅರ್ಜಿ ಒಂದು ಕಾಫಿ ಹೊತ್ತಿಗೆ ತುಂಬಿ ಮುಗಿಯಿತು. ಮೇಲಿನ ಸಾಹೇಬರೊಬ್ಬರ ಕಾಗದವೆಲ್ಲ ಆಫೀಸ್ ಲ್ಯಾಪ್‌ಟಾಪಿನಲ್ಲಿತ್ತು. ಲ್ಯಾಪ್‌ಟಾಪು ಬೀಗದ ಒಳಗಿತ್ತು.