ಗ್ಯಾಸ್ಟ್ರಿಕ್ ಎಂದು ಬರೆಯುವ ಮುನ್ನ

ತುರ್ತು ವಿಭಾಗಕ್ಕೆ ಬಂದವರು "ಗ್ಯಾಸ್ಟ್ರಿಕ್ಕು ಡಾಕ್ಟ್ರೇ" ಅಂದದ್ದನ್ನೇ ಕೇಸ್ ಶೀಟಿನಲ್ಲಿ ಬರೆದುಬಿಟ್ಟರೆ ಮುಂದಿನ ಪಾಳಿಯವರೂ ಅದನ್ನೇ ನಂಬುತ್ತಾರೆ. ಅದು ಹೃದಯಾಘಾತವೂ ಆಗಿರಬಹುದು; ತಪ್ಪು ಬೇರು ಬಿಡುವುದು ಅಲ್ಲೇ. ಎದೆನೋವು, ಮೇಲ್ಹೊಟ್ಟೆ ನೋವು, ಕಾರಣವಿಲ್ಲದ ಬೆವರು ಇದ್ದರೆ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು ಇರಬಹುದು.

ಮೊದಲ ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಎದೆಯ ಮೇಲಿನ ವಿ1ರಿಂದ ವಿ3 ಲೀಡ್‌ಗಳಲ್ಲಿ (ಇಸಿಜಿ ತಂತಿಗಳಲ್ಲಿ) ಗೆರೆಯ ಎಸ್‌ಟಿ ಎಂಬ ಭಾಗ ತಗ್ಗಿದ್ದರೆ ಬೆನ್ನಿನ ಕಡೆ ವಿ7–ವಿ9 ಲೀಡ್ ಹಾಕಿ ನೋಡಿ. ನೋವು ಶುರುವಾದ ಹೊಸತರಲ್ಲಿ ಮಾಡಿದ ಒಂದೇ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಪರೀಕ್ಷೆ ನೆಗೆಟಿವ್ ಬಂತೆಂದು ಮನೆಗೆ ಕಳಿಸುವಷ್ಟು ಅಪಾಯದ ಹೆಜ್ಜೆ ಬೇರೊಂದಿಲ್ಲ ಅನ್ನಿಸುತ್ತದೆ. ರಕ್ತದಲ್ಲಿ ಅದು ಏರಲು ಗಂಟೆಗಳೇ ಬೇಕು. ಆಂಟಾಸಿಡ್ ಕುಡಿದಾಗ ನೋವು ಇಳಿಯಿತೆಂಬುದೂ ಹೃದಯ ಸರಿಯಿದೆ ಎನ್ನಲು ಸಾಕ್ಷಿಯಲ್ಲ. ಸೀಳಿದಂಥ ನೋವು ಬೆನ್ನಿಗೆ ಹರಡಿದ್ದರೆ ಎರಡೂ ತೋಳಿನ ಬಿಪಿ ನೋಡಿ. ಅದು ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿದ ನೋವಿರಬಹುದು; ಆಗ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಜೀವಕ್ಕೇ ಕುತ್ತು.

1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವೈದ್ಯಸೇವೆ ಗ್ರಾಹಕ ಕಾನೂನಿನಡಿ ಬಂದಿದೆ. ಹಾಗಾಗಿ ಹೃದಯಾಘಾತವಲ್ಲ ಎಂದು ಯಾಕೆ ತೀರ್ಮಾನಿಸಿದಿರಿ ಎಂಬುದನ್ನು ಗಂಟೆ ಸಮೇತ ಬರೆದಿಡಿ. ಯಾವ ಲಕ್ಷಣ ಕಂಡರೆ ಕೂಡಲೇ ವಾಪಸ್ ಬರಬೇಕೆಂದು ಕನ್ನಡದಲ್ಲೇ ಬರೆದುಕೊಟ್ಟು, ಜೊತೆಗೆ ಬಂದವರಿಗೂ ಹೇಳಿ.