ಆಗುಂಬೆಯ ಮಳೆಯಲ್ಲಿ ಮೂರು ದಿನ, ಒಂದೇ ಗದ್ದೆಯ ಅಂಚು

ಆಗುಂಬೆಯ ಸೂರ್ಯಾಸ್ತದ ಚಿತ್ರ ತೆಗೆಯಲೆಂದು ಜುಲೈಯಲ್ಲಿ ಹೊರಟಿದ್ದರೆ ಆ ಆಸೆ ಬಿಟ್ಟುಬಿಡಿ. ಘಟ್ಟದ ನೆತ್ತಿಯಿಂದ ಅರಬ್ಬಿ ಸಮುದ್ರದವರೆಗೆ ಕಣ್ಣು ಹಾಯುವುದು ಚಳಿಗಾಲದ ತಿಳಿ ಸಂಜೆಗಳಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಪುನರ್ವಸು ಮಳೆ ಹಿಡಿದರೆ ಹತ್ತು ಮಾರು ಆಚೆಯ ಮರವೂ ಮಂಜಿನಲ್ಲಿ ಕರಗಿರುತ್ತದೆ. ನಾನು ಪ್ರತಿ ವರ್ಷ ಹೋಗುವುದು ಆಗಲೇ, ಏಕೆಂದರೆ ಗದ್ದೆ ನಾಟಿಯ ಕಾಲ ಅದು.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರು, ಅಲ್ಲಿಂದ ತೀರ್ಥಹಳ್ಳಿಗೆ 60, ಮತ್ತೆ ಆಗುಂಬೆಗೆ 30 ದಾಟುತ್ತದೆ. ಬಸ್ಸುಗಳಿವೆ. ಕಾರಿನಲ್ಲಿ ಹೋಗುವವರು ಇಳಿಯುವ ಅರ್ಧ ಗಂಟೆ ಮೊದಲೇ ಎ.ಸಿ. ಆರಿಸಿ, ಕಿಟಕಿ ತುಸು ಇಳಿಸಿ. ತಣ್ಣಗಿನ ಕ್ಯಾಮೆರಾವನ್ನು ಹೊರಗಿನ ತೇವದ ಗಾಳಿಗೆ ತಂದರೆ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಎಷ್ಟು ಒರೆಸಿದರೂ ಮತ್ತೆ ಮತ್ತೆ ಮಸುಕಾಗುತ್ತದೆ.

ತೀರ್ಥಹಳ್ಳಿ ಸೀಮೆ ನನ್ನ ತಾಯಿಯ ತವರು. ಬೆಳೆದದ್ದು ಬೆಂಗಳೂರಿನಲ್ಲಾದರೂ ಕೇಳಿದವರಿಗೆಲ್ಲ ಮಲೆನಾಡಿನವನೆಂದೇ ಹೇಳಿಕೊಳ್ಳುತ್ತಿದ್ದೆ. ಮೊದಲ ಕೆಲವು ವರ್ಷ ನಾಲ್ಕು ಲೆನ್ಸು, ಎರಡು ಕ್ಯಾಮೆರಾ, ಭಾರದ ಟ್ರೈಪಾಡು ಹೊತ್ತು ಒಂದೇ ದಿನದಲ್ಲಿ ಕುಂದಾದ್ರಿ ಬೆಟ್ಟ, ಕವಲೇದುರ್ಗದ ಕೋಟೆ, ಜೋಗಿಗುಂಡಿ ಜಲಪಾತ ಎಲ್ಲವನ್ನೂ ಸುತ್ತಿದೆ. ಚಿತ್ರಗಳೇನೋ ಅಂದವಾಗಿಯೇ ಬಂದವು, ಆದರೆ ಅವು ಯಾವ ಊರಿನವೂ ಆಗಬಹುದಿತ್ತು.

ಒಂದು ಬೆಳಿಗ್ಗೆ ಗದ್ದೆಯ ಅಂಚಿನ ಮೇಲೆ ಟ್ರೈಪಾಡು ನಿಲ್ಲಿಸಿ ಮಂಜು ಸರಿಯುವುದನ್ನು ಕಾಯುತ್ತಿದ್ದೆ. ಕಂಬಳಿ ಕೊಪ್ಪೆ ಹೊದ್ದು ನಾಟಿ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಸೊಂಟ ನೆಟ್ಟಗೆ ಮಾಡಿ, “ನೀವು ಯಾರ ಮನೆಯವರು?” ಎಂದು ಕೇಳಿದರು. ಅಜ್ಜನ ಮನೆಯ ಹೆಸರು ಹೇಳಿದೆ. “ಹಾಗಾದರೆ ಗೊತ್ತಿರಬೇಕಲ್ಲ ಮಾರಾಯ! ಅಂಚಿಗೆ ತೂತು ಹೊಡೆದರೆ ನೀರು ನಿಲ್ಲುತ್ತದೆಯೇ? ಏಡಿಯ ಕಾಟವೇ ನಮಗೆ ಸಾಕಾಗಿದೆ.” ತಿರುಗಿ ನೋಡಿದೆ. ಮೆತ್ತಿದ ಹಸಿಮಣ್ಣಿನೊಳಗೆ ಟ್ರೈಪಾಡಿನ ಮೂರೂ ಕಾಲು ಗೇಣುದ್ದ ಇಳಿದಿದ್ದವು. ಒಂದು ಕಾಲು ಕಿತ್ತೊಡನೆ ಆ ತೂತಿನಿಂದ ಮೇಲಿನ ಗದ್ದೆಯ ಕೆಂಪು ನೀರು ಸಣ್ಣ ಎಳೆಯಾಗಿ ಕೆಳಗಿನ ಗದ್ದೆಗೆ ಜಿನುಗತೊಡಗಿತು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಕೆಸರು ಬಾಚಿ, ಮೂರೂ ತೂತುಗಳಿಗೆ ಮೆತ್ತಿದೆ. ಅವರು ಬಂದು ಅದರ ಮೇಲೆ ಹಿಮ್ಮಡಿಯಿಂದ ಎರಡು ಸಲ ಒತ್ತಿ ಗಟ್ಟಿ ಮಾಡಿದರು.

ಅಂದಿನಿಂದ ಗದ್ದೆಗೆ ಟ್ರೈಪಾಡು ಒಯ್ಯುವುದಿಲ್ಲ. ನೀವೂ ಒಯ್ಯಬೇಡಿ. ಅಂಚಿನ ಮೇಲೆ ನಡೆಯುವ ಮೊದಲು, ಜನರ ಚಿತ್ರ ತೆಗೆಯುವ ಮೊದಲು ಗದ್ದೆಯವರನ್ನು ಕೇಳಿ. ಹೋಂಸ್ಟೇ ಹಿಡಿದು ಕನಿಷ್ಠ ಮೂರು ದಿನ ಒಂದೇ ಕಡೆ ಉಳಿಯಿರಿ, ಒಂದೇ ಜಾಗಕ್ಕೆ ಬೆಳಿಗ್ಗೆ ಸಂಜೆ ಹೋಗಿ. ಗಾಳಿ ಯಾವ ಕಡೆಯಿಂದ ಮಂಜು ತರುತ್ತದೆ, ಜಡಿಮಳೆ ಯಾವಾಗ ಉಸಿರು ಬಿಡುತ್ತದೆ ಎಂಬುದು ಎರಡನೆಯ ದಿನಕ್ಕೆ ಸ್ವಲ್ಪ ಅರಿವಾಗುತ್ತದೆ.

ಈಗ ನನ್ನ ಚೀಲದಲ್ಲಿರುವುದು ಒಂದು ಕ್ಯಾಮೆರಾ, ಒಂದು 24–105 ಮಿ.ಮೀ. ಝೂಮ್ ಲೆನ್ಸು, ಒಂದು ಪೋಲರೈಸರ್ ಫಿಲ್ಟರು. ಮಳೆಗಾಲಕ್ಕೆ ಇದಕ್ಕಿಂತ ಉಪಯೋಗದ ಫಿಲ್ಟರು ನನಗೆ ಸಿಕ್ಕಿಲ್ಲ. ನೆನೆದ ಎಲೆಗಳ ಮೇಲಿನ ಬಿಳಿ ಹೊಳಪನ್ನು ಇದು ತೆಗೆಯುತ್ತದೆ. ಉಂಗುರವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ, ಅಡಕೆ ತೋಟದ ನಿಜವಾದ ಹಸಿರು ಒಳಗಿನಿಂದ ಎದ್ದು ಬರುತ್ತದೆ. ಒಂದೂವರೆ ಸ್ಟಾಪಿನಷ್ಟು ಬೆಳಕು ಕಡಿಮೆಯಾಗುತ್ತದೆ (ಒಂದು ಸ್ಟಾಪೆಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು), ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐ.ಎಸ್.ಒ. ಏರಿಸಿಕೊಳ್ಳಿ. ಬಿಳಿ ಮಂಜನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪು ಹೆಚ್ಚಿಸಿ. ಒರೆಸಲು ಹಳೆಯ ಪಂಚೆಯ ನಾಲ್ಕಾರು ತುಂಡುಗಳಿರಲಿ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಲೆನ್ಸನ್ನು ಮುಚ್ಚಿಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಬಟ್ಟೆ, ಚೀಲ ಬಚ್ಚಲೊಲೆಯ ಬಳಿ ಒಣಗಲಿ, ಕ್ಯಾಮೆರಾ ಮಾತ್ರ ಬೇಡ.

ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೊಗೆಸೊಪ್ಪು, ಸುಣ್ಣ ಜೊತೆಗಿರಲಿ. ಮಳೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಬ್ಯಾಟರಿಗಳನ್ನು ಮೊದಲೇ ತುಂಬಿಸಿಕೊಳ್ಳಿ. ಕವಲೇದುರ್ಗದ ಹಾಸುಗಲ್ಲುಗಳು ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತವೆ. ಕುಂದಾದ್ರಿಗೆ ವಾಹನದಲ್ಲೇ ಹತ್ತಬಹುದು, ತುದಿಯಲ್ಲಿ ಪಾರ್ಶ್ವನಾಥ ಬಸದಿಯಿದೆ. ಮೋಡ ಕವಿದ ದಿನ ಅಲ್ಲಿ ದೃಶ್ಯ ಕಾಣದಿದ್ದರೂ ಕೊಳದ ಮೇಲೆ ಮಂಜು ಆಡುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ.

ಕಳೆದ ಸಲ ಮೂರನೆಯ ಬೆಳಿಗ್ಗೆ ಐದು ನಿಮಿಷ ಮಂಜು ತೆರೆಯಿತು. ನೀರು ತುಂಬಿದ ಗದ್ದೆಗಳು, ಹಿಂದೆ ತೋಟ, ಅದರ ಹಿಂದೆ ಗುಡ್ಡದ ಕಪ್ಪು ಅಂಚು. ದೀಪಾವಳಿಗೆ ಹೋದಾಗ ಆ ಚಿತ್ರವನ್ನು ಅಚ್ಚು ಹಾಕಿಸಿ ಅದೇ ಹಿರಿಯರಿಗೆ ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟು, “ಇಲ್ಲಿ ನೋಡು, ಈ ಸಾಲಿನ ಸಸಿ ತೇಲಿಹೋಗಿತ್ತು. ಮರುದಿನ ನಾನೇ ನೆಟ್ಟೆ” ಎಂದರು.